ಧನುರ್ಮಾಸದಲ್ಲಿ ತೆರೆದಿಟ್ಟ ಬಾಗಿಲು

ಹೋದ ತಿಂಗಳು ಮಂಡ್ಯದ ಪೇಟೆ ಬೀದಿಯಲ್ಲಿ ಗಿಡಮೂಲಿಕೆ ಮಾರುವ ಗ್ರಂಧಿಗೆ ಅಂಗಡಿಯಲ್ಲಿ ಅಮ್ಮನಿಗೆ ಬೇಕಾಗಿದ್ದ ಹಿಪ್ಪಲಿ ತೂಗಿಸುತ್ತ ನಿಂತಿದ್ದೆ. ಅಂಗಡಿಯವರು ಪಕ್ಕದ ಗಿರಾಕಿಗೆಂದು ಒಂದು ಡಬ್ಬಿಯ ಮುಚ್ಚಳ ತೆಗೆದರು. ಕಹಿ, ಸ್ವಲ್ಪ ಘಾಟು, ಅದರ ಹಿಂದೆಯೇ ಒಣಹುಲ್ಲಿನಂಥ ಒಂದು ವಾಸನೆ. ಬಾವಂಚಿ ಬೀಜ. ತಿರುಗಿ ನೋಡುವ ಮೊದಲೇ ನನಗೆ ಗೊತ್ತಾಗಿತ್ತು. ನಮ್ಮ ಚರ್ಮದ ಡಾಕ್ಟರಮ್ಮ ತಮ್ಮ ಕಾರಿನಲ್ಲಿ ಯಾವಾಗಲೂ ಅದರ ಒಂದು ಪೊಟ್ಟಣ ಇಟ್ಟುಕೊಂಡಿರುತ್ತಿದ್ದರು. ಕಿಟಕಿ ಏರಿಸಿದರೆ ಕಾರೆಲ್ಲ ಅದೇ ವಾಸನೆ...

ಡಾಕ್ಟರಮ್ಮನ ಮನೆ ಮದ್ದೂರಿನಲ್ಲಿ, ಕ್ಲಿನಿಕ್ಕು ಮಂಡ್ಯದಲ್ಲಿ. ನಾನು ಹೈಸ್ಕೂಲಿನಲ್ಲಿದ್ದಾಗ ಎಡ ಮುಂಗೈಯ ಮೇಲೆ ಒಂದು ಬಿಳಿ ಮಚ್ಚೆ ಕಾಣಿಸಿಕೊಂಡಿತು. ಅಮ್ಮ ಅದರ ಮೇಲೆ ಕರ್ಚೀಫು ಹೊದಿಸಿ ನನ್ನನ್ನು ಕರೆದುಕೊಂಡು ಹೋಗಿದ್ದಳು.

"ಹೆಣ್ಣುಮಗು ಡಾಕ್ಟ್ರೇ..." ಎಂದು ಅಮ್ಮ ಅಳುತ್ತ ಶುರು ಮಾಡಿದಳು.

"ಹೆಣ್ಣುಮಗೂಗೆ ಬಂದ್ರೂ ಗಂಡುಮಗೂಗೆ ಬಂದ್ರೂ ತೊನ್ನು ತೊನ್ನೇ ಕಣಮ್ಮ. ಅಂಟಲ್ಲ, ಕೊಲ್ಲಲ್ಲ. ಮೊದಲು ಆ ಕರ್ಚೀಫು ತೆಗಿ, ಮಚ್ಚೆಗೆ ಉಸಿರು ಕಟ್ಟತ್ತೆ" ಎಂದರು ಅವರು. ಅಮ್ಮ ಅಳುವುದನ್ನು ಬಿಟ್ಟು ನಕ್ಕಳು. ಮಚ್ಚೆ ಈಗಲೂ ಇದೆ, ಚಿಕ್ಕದಾಗಿದೆ. ಅದರ ಬಗ್ಗೆ ಇಷ್ಟು ಸಾಕು.

ಮತ್ತೆ ನಾನು ಅವರನ್ನು ಹತ್ತಿರದಿಂದ ಕಂಡದ್ದು ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸುವಾಗ. ಕ್ಲಿನಿಕ್ಕಿಗೆ ಸುಮ್ಮನೆ ಕಂಡುಬರೋಣವೆಂದು ಹೋದವಳನ್ನು ಕೂರಿಸಿಕೊಂಡು ಕೇಳಿದರು: "ಸೂರ್ಯ ಎಲ್ಲಿ ಹುಟ್ತಾನೆ?"

"ಪೂರ್ವದಲ್ಲಿ."

"ಯಾವತ್ತು?"

ಸರಿಯಾಗಿ ಪೂರ್ವದಲ್ಲಿ ಅವನು ಹುಟ್ಟುವುದು ವರ್ಷಕ್ಕೆ ಎರಡೇ ಸಲ. ಉಳಿದ ದಿನಗಳಲ್ಲಿ ಉತ್ತರಕ್ಕೋ ದಕ್ಷಿಣಕ್ಕೋ ಜರುಗಿರುತ್ತಾನೆ. ಓದಿದ ವಿಷಯವೇ, ಆದರೆ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ನಾನು ಯೋಚಿಸುವುದನ್ನು ನೋಡಿ ಅವರು ಮೇಜು ಕುಟ್ಟಿ ಹೇಳಿದರು: "ಹಾಂ! ನೀನೇ ಬೇಕು ನಂಗೆ. ಭಾನುವಾರ ಬಾ, ಬೆಳಕವಾಡಿ ಕಡೆ ಹೋಗೋಣ."

ಬೆಳಕವಾಡಿಯಿಂದ ಸ್ವಲ್ಪ ಒಳಗೆ, ಗದ್ದೆಗಳ ನಡುವೆ ಒಂದು ಸಣ್ಣ ಶಿವನ ಗುಡಿ. ಅದರ ಮುಖ ಪೂರ್ವಕ್ಕೂ ಇಲ್ಲ, ದಕ್ಷಿಣಕ್ಕೂ ಇಲ್ಲ, ಎರಡರ ನಡುವೆ. ಸುತ್ತಲಿನವರು ಅದನ್ನು ಸೊಟ್ಟ ಗುಡಿ ಎಂದೇ ಕರೆಯುವುದು. ಕಟ್ಟಿದವನು ಕುಡಿದಿದ್ದನಂತೆ, ಇಲ್ಲವೇ ಅವನ ಹೆಂಡತಿಯ ತವರು ಆ ದಿಕ್ಕಿಗಿತ್ತಂತೆ. ಹೇಳುವವರ ಮೇಲೆ ಕಥೆ ಬದಲಾಗುತ್ತಿತ್ತು. ಡಾಕ್ಟರಮ್ಮನ ಮಳವಳ್ಳಿ ಕಡೆಯ ಹಳೆಯ ರೋಗಿಗಳು ಒಂದು ಮಾತು ಹೇಳುತ್ತಿದ್ದರು. ತೊನ್ನು ಬಂದವರು ಹಿಂದೆಲ್ಲ ಚಳಿಗಾಲದಲ್ಲಿ ಬಾವಂಚಿ ಅರೆದು ಹಚ್ಚಿಕೊಂಡು ಆ ಗುಡಿಯಲ್ಲಿ ಬಿಸಿಲಿಗೆ ಕೂರುತ್ತಿದ್ದರಂತೆ. ಸಂಕ್ರಾಂತಿಯ ಬೆಳಿಗ್ಗೆ ಸೂರ್ಯ ಗರ್ಭಗುಡಿಯ ಒಳಗೇ ಬಂದು ಲಿಂಗವನ್ನು ಮುಟ್ಟುತ್ತಾನಂತೆ.

ಬಾವಂಚಿಯ ಸತ್ವ ಮತ್ತು ಬೆಳಕು, ಇವೆರಡನ್ನೂ ಸೇರಿಸಿ ಕೊಡುವ ಚಿಕಿತ್ಸೆ ಇಂದಿನ ವೈದ್ಯದಲ್ಲೂ ಇದೆ. ಅವರು ಕ್ಲಿನಿಕ್ಕಿನಲ್ಲಿ ಜೀವಮಾನವೆಲ್ಲ ಮಾಡಿದ್ದೇ ಅದನ್ನು. ಹಾಗಾಗಿ ಗುಡಿ, ಸೂರ್ಯ, ಔಷಧ ಮೂರೂ ಒಂದೇ ಯೋಜನೆ ಎಂದು ಅವರಿಗೆ ಅನ್ನಿಸಿಬಿಟ್ಟಿತ್ತು. "ಇದು ಗುಡಿ ಅಲ್ಲ ಕಣೇ, ಆಸ್ಪತ್ರೆ. ಸೂರ್ಯನೇ ಹೆಡ್ ಡಾಕ್ಟ್ರು!" ಎನ್ನುತ್ತ ಎಪ್ಪತ್ತರ ಹತ್ತಿರದ ಆ ಹೆಂಗಸು ಸೀರೆ ಎತ್ತಿ ಕಟ್ಟಿ ಗುಡಿಯ ಸುತ್ತ ಓಡಾಡುತ್ತಿದ್ದರು. ನಾನು ಹಿಂದೆ ಹಿಂದೆ ಕೋನಗಳನ್ನು ಅಳೆಯುತ್ತಿದ್ದೆ. ನನಗೆ 'ಕೋನಮ್ಮ' ಎಂದು ಹೆಸರಿಟ್ಟರು.

ಮೊದಲ ಸಂಕ್ರಾಂತಿಗೆ ಊರವರನ್ನೆಲ್ಲ ಸೇರಿಸಿ ಕಾದೆವು. ಸೂರ್ಯ ಹುಟ್ಟಿದ. ಬೆಳಕು ಒಳಗೂ ಬಂತು. ಆದರೆ ಗರ್ಭಗುಡಿಯ ಎಡಗಡೆಯ ಬಾಗಿಲವಾಡದ ಮೇಲೆ ಬಿದ್ದು, ಅಲ್ಲೇ ಇಳಿದು ಹೋಯಿತು. ಲಿಂಗ ಕತ್ತಲಲ್ಲೇ ಉಳಿಯಿತು. "ಸೂರ್ಯಂಗೂ ದಾರಿ ತಪ್ಪೋಯ್ತಾ?" ಎಂದು ಯಾರೋ ನಗಾಡಿದರು. ಮದ್ದೂರಿಗೆ ವಾಪಸ್ಸು ಹೊರಟಾಗ ಡಾಕ್ಟರಮ್ಮ ಕಾರಿನ ಕಿಟಕಿಗಳನ್ನೆಲ್ಲ ಇಳಿಸಿಬಿಟ್ಟರು.

ಆ ಬೇಸಿಗೆಯಲ್ಲಿ ನನಗೆ ಒಂದು ಯೋಚನೆ ಬಂತು. ಬೆಳಕು ತಪ್ಪಿದ್ದು ಸುಮಾರು ಒಂದು ಗೇಣು. ದಿಕ್ಕಿನಲ್ಲಿ ಅದು ತೀರ ಸಣ್ಣ ವ್ಯತ್ಯಾಸ. ಗುಡಿ ಸೊಟ್ಟಗಿದ್ದರೆ ಇಷ್ಟು ಕಡಿಮೆ ತಪ್ಪುವುದೇಕೆ? ತಪ್ಪಿದ್ದು ಕಟ್ಟಿದವನೋ, ನಾವು ಆರಿಸಿಕೊಂಡ ದಿನವೋ?

ಪಂಚಾಂಗದ ಸಂಕ್ರಾಂತಿ ನಕ್ಷತ್ರಗಳ ಲೆಕ್ಕಕ್ಕೆ ಸೇರಿದ್ದು. ಸೂರ್ಯ ಕ್ಷಿತಿಜದಲ್ಲಿ ಯಾವ ಜಾಗದಲ್ಲಿ ಹುಟ್ಟುತ್ತಾನೆ ಎನ್ನುವುದು ಋತುವಿನ ಲೆಕ್ಕ. ಎರಡೂ ಒಂದರಿಂದ ಒಂದು ನಿಧಾನವಾಗಿ ದೂರ ಸರಿಯುತ್ತಿವೆ, ಹೆಚ್ಚುಕಡಿಮೆ ಒಬ್ಬ ಮನುಷ್ಯನ ಆಯಸ್ಸಿಗೆ ಒಂದು ದಿನದಷ್ಟು. ಗುಡಿಯ ಶೈಲಿ ನೋಡಿದರೆ ಹೊಯ್ಸಳರ ಕಾಲದ್ದು. ಹಾಗಾದರೆ ಅದನ್ನು ಕಟ್ಟಿದಾಗ ಸಂಕ್ರಾಂತಿಯಂದು ಬರುತ್ತಿದ್ದ ಬೆಳಕು ಈಗ ಸಂಕ್ರಾಂತಿಗೆ ಹತ್ತು ಹನ್ನೆರಡು ದಿನ ಮೊದಲೇ ಬರಬೇಕು.

ಮದ್ದೂರಿನ ಅವರ ಅಡುಗೆಮನೆಯಲ್ಲಿ ನಾನು ಇದನ್ನು ಹೇಳಿ ಮುಗಿಸುವ ಹೊತ್ತಿಗೆ ಒಲೆಯ ಮೇಲಿನ ಹಾಲು ಉಕ್ಕಿ ಹರಿದಿತ್ತು. ಅವರು ಅದನ್ನು ನೋಡಲೇ ಇಲ್ಲ.

"ಹತ್ತು ಹನ್ನೆರಡು ದಿನ ಮೊದಲು ಅಂದ್ರೆ... ಧನುರ್ಮಾಸ!" ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದರು. "ಧನುರ್ಮಾಸದಲ್ಲಿ ಆ ಪೂಜಾರಿ ಏನ್ ಮಾಡ್ತಾನೆ ಹೇಳು? ಕತ್ತಲಲ್ಲೇ ಪೂಜೆ ಮುಗಿಸಿ, ಹುಗ್ಗಿ ಹಂಚಿ, ಬಾಗಿಲು ಹಾಕಿ ಹೋಗ್ತಾನೆ. ಬೆಳಕು ಬರ್ತಾನೇ ಇದೆ ಕಣೇ. ಬಂದು ಬಂದು ಮುಚ್ಚಿದ ಬಾಗಿಲಿಗೆ ಬೀಳ್ತಿದೆ!"

ಆ ಕ್ಷಣದ ಸಂತೋಷವನ್ನು ನಾನು ಇನ್ನೊಮ್ಮೆ ಕಂಡಿಲ್ಲ. ನಾನು ಸುಲಭಕ್ಕೆ ಯಾರನ್ನೂ ಅಪ್ಪಿಕೊಳ್ಳುವವಳಲ್ಲ. ಅಂದು ಅಪ್ಪಿಕೊಂಡೆ.

ಆದರೆ ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂದಿತ್ತು. ಬರುವ ಸಂಕ್ರಾಂತಿ ಮುಗಿಯುತ್ತಲೇ ಗುಡಿಯ ಮುಂದೆ ಭಕ್ತರ ನೆರಳಿಗೆಂದು ದೊಡ್ಡ ಶೀಟಿನ ಚಾವಣಿ ಹಾಕಲು ದೇವಸ್ಥಾನದ ಕಮಿಟಿ ತೀರ್ಮಾನಿಸಿತ್ತು. ಅದು ಎದ್ದರೆ ಬೆಳಕಿನ ದಾರಿ ಶಾಶ್ವತವಾಗಿ ಮುಚ್ಚಿದಂತೆ. ಡಾಕ್ಟರಮ್ಮ ಕಮಿಟಿಯ ಅಧ್ಯಕ್ಷರ ಮನೆಗೇ ಹೋದರು. ಅವರು ಚಾಪೆ ಹಾಸಿ ಕಾಫಿ ಕೊಟ್ಟರು, ಮಾತನ್ನು ಮಾತ್ರ ನಯ ಮಾಡಲಿಲ್ಲ.

"ನೋಡಿ ಡಾಕ್ಟ್ರಮ್ಮ, ಓದ ಸಂಕ್ರಾಂತೀಲಿ ಊರೋರ್ನೆಲ್ಲ ಚಳೀಲಿ ನಿಲ್ಸುದ್ರಿ. ಏನ್ ಬಂತು? ಬಾಗ್ಲುವಾಡಕ್ಕೆ ಬೆಳ್ಕು ಬಂತು. ದೇವ್ರ ಮೇಲೆ ಬೀಳೋದ ತೋರ್ಸಿ, ಸೀಟ ಪಕ್ಕಕ್ಕೆ ಆಕುಸ್ತೀನಿ. ಬೀಳ್ನಿಲ್ಲ ಅಂದ್ರೆ ಸುಮ್ನೆ ಇದ್ಬುಡಿ."

"ಆಯ್ತು ಕಣಪ್ಪ, ತೋರಿಸ್ತೀನಿ" ಎಂದರು ಡಾಕ್ಟರಮ್ಮ.

ಅರ್ಚಕರು ಮಳವಳ್ಳಿಯ ಒಂದು ಶಾಲೆಯಲ್ಲಿ ಮೇಷ್ಟರು. ಅವರು ಶಾಸ್ತ್ರ ಮುಂದೆ ಮಾಡಿ ಬೇಡ ಎನ್ನುತ್ತಾರೆಂದು ನಾನು ಹೆದರಿದ್ದೆ. ಅವರು ತಲೆ ಕೆರೆದುಕೊಂಡು ನಕ್ಕರು. "ಸೂರ್ಯೋದಯಕ್ಕೆ ಮೊದಲು ಪೂಜೆ ಆಗಬೇಕು ಅನ್ನೋದು ಶಾಸ್ತ್ರ ಅಮ್ಮ. ಆಮೇಲೆ ಬಾಗಿಲು ಹಾಕೋದು ಶಾಸ್ತ್ರ ಅಲ್ಲ, ನನ್ನ ಆರೂವರೆ ಬಸ್ಸು. ನಮ್ಮಪ್ಪನೂ ಹಾಕ್ತಿದ್ದರು. ಅವರಿಗೆ ಬಸ್ಸಿರಲಿಲ್ಲ, ಚಳಿಯಿತ್ತು."

ಲೆಕ್ಕದ ಪ್ರಕಾರ ಧನುರ್ಮಾಸ ಹುಟ್ಟುವ ಮೊದಲೂ ಒಮ್ಮೆ ಅದೇ ಬೆಳಕು ಬರಬೇಕಿತ್ತು. ಬೇರೆ ದಿನಗಳಲ್ಲಿ ಬಾಗಿಲು ತೆರೆಯುವುದು ಹೊತ್ತೇರಿದ ಮೇಲಾದ್ದರಿಂದ ಅದನ್ನೂ ಯಾರೂ ಕಂಡಿರಲಿಲ್ಲ. ಅರ್ಚಕರನ್ನು ಒಪ್ಪಿಸಿ ಹೋದರೆ ಆ ವಾರವೆಲ್ಲ ಮೋಡ. ಉಳಿದದ್ದು ಜನವರಿ ಆರಂಭದಲ್ಲಿ, ಅರ್ಚಕರಿಗೆ ಶಾಲೆಯಿಲ್ಲದ ಒಂದು ಭಾನುವಾರ. ಆಮೇಲೆ ಶೀಟು.

ಅಂದು ನಾವು ತಲುಪಿದಾಗ ಪೂಜೆ ನಡೆಯುತ್ತಿತ್ತು. ಹೊರಗೆ ಮಂಜು. ಎದುರಿನ ಗದ್ದೆಯ ಕಬ್ಬು ಕಟಾವಾಗಿತ್ತು, ಅದೊಂದು ಪುಣ್ಯ. ಹುಗ್ಗಿ ಹಂಚಿ ಮುಗಿದರೂ ಬಾಗಿಲು ಹಾಕದ್ದನ್ನು ಕಂಡು ಜನಕ್ಕೆ ಕುತೂಹಲ. ಗುಡಿಯ ಪಕ್ಕದ ಮನೆಯ ಅಜ್ಜಿಯೊಬ್ಬರು ದೊನ್ನೆ ನೆಕ್ಕುತ್ತ ಡಾಕ್ಟರಮ್ಮನನ್ನು ಕೇಳಿದರು: "ಅಲ್ಲ ಕಣವ್ವ, ಉಗ್ಗಿ ಮುಗೀತು, ಇನ್ಯಾಕ್ ನಿಂತಿದೀಯೆ?"

"ಸೂರ್ಯಂಗೂ ಸ್ವಲ್ಪ ಹುಗ್ಗಿ ಕೊಟ್ಟು ಹೋಗಾಣ ಅಂತ ಅಜ್ಜಿ."

ಮಂಜು ಕರಗುವ ಲಕ್ಷಣವಿರಲಿಲ್ಲ. ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡರು. ಅಷ್ಟರಲ್ಲಿ ಗದ್ದೆಯಾಚೆಯ ದಿನ್ನೆಯ ಮೇಲೆ ಮಂಜು ಒಂದು ಕಡೆ ತೆಳುವಾಗಿ, ಕೆಂಪಗೆ ಒಂದು ಅಂಚು ಕಾಣಿಸಿತು.

ಆಗ ಆದದ್ದೇ ಬೇರೆ. ಬೆಳಕು ಬಂತು ಎಂದು ಯಾರೋ ಕೂಗಿದ್ದೇ ತಡ, ಅಷ್ಟೂ ಜನ ದರ್ಶನಕ್ಕೆ ನುಗ್ಗುವ ಹಾಗೆ ಬಾಗಿಲ ಎದುರಿಗೇ ಬಂದು ಕೈಮುಗಿದು ನಿಂತರು. ಎಲ್ಲರ ಬೆನ್ನಿಗೂ ಬಿಸಿಲು. ಒಳಗೆ ಪೂರಾ ನೆರಳು.

"ಸರೀಲಾ, ನಿನ್ ಬುರುಡೆ ಅಡ್ಡ ಬತ್ತದೆ!"

"ನಿನ್ ಒಟ್ಟೆ ನೋಡ್ಕೊಳ್ಲಾ ಮೊದ್ಲು, ಅದ್ರಲ್ಲಿ ಗುಡೀನೇ ಮುಚ್ಚೋಯ್ತದೆ!"

ಡಾಕ್ಟರಮ್ಮ ಕ್ಲಿನಿಕ್ಕಿನಲ್ಲಿ ಕೂಗುವ ದನಿಯಲ್ಲಿ ಕೂಗಿದರು: "ಎದುರಿಗೆ ನಿಂತ್ರೆ ದೇವರಿಗೆ ಬೀಳೋದು ನಿಮ್ಮ ನೆರಳೇ! ಎರಡು ಕಡೆ ಸರೀರಪ್ಪ! ಅಧ್ಯಕ್ಷರೇ, ನೀವೂನೂವೆ!"

ಅಧ್ಯಕ್ಷರೂ ಸರಿದರು. ಜನ ಎರಡು ಭಾಗವಾದರು, ಮತ್ತು ಆ ನಡುವಿನ ದಾರಿಯಲ್ಲಿ ಬೆಳಕು ಒಳಗೆ ಹೋಯಿತು... ಮೊದಲು ಲಿಂಗದ ನೆತ್ತಿ. ಅಭಿಷೇಕದ ನೀರು ಇನ್ನೂ ಆರಿರಲಿಲ್ಲ. ಕಪ್ಪು ಕಲ್ಲು ಕಾಸಿದ ತುಪ್ಪದ ಬಣ್ಣಕ್ಕೆ ತಿರುಗಿತು. ಹಾಗೇ ಇಳಿಯುತ್ತ ಇಳಿಯುತ್ತ ಪೀಠಕ್ಕೆ ಬಂತು. ದೀಪಗಳು ಪೇಲವವಾದವು. ಅರ್ಚಕರು ಆರತಿ ಎತ್ತುವುದನ್ನೂ ಮರೆತು ನಿಂತಿದ್ದರು. ನಾನು ಒಂದರ ಹಿಂದೊಂದು ಫೋಟೊ ತೆಗೆಯುತ್ತಿದ್ದೆ.

ಡಾಕ್ಟರಮ್ಮ ಬಾಗಿಲ ಬದಿಯಿಂದ ಕೈ ಚಾಚಿ ಆ ಬೆಳಕಿನಲ್ಲಿ ಅಂಗೈ ಹಿಡಿದರು. ಸ್ವಲ್ಪ ಹೊತ್ತು ಹಿಡಿದೇ ಇದ್ದರು. ಆಮೇಲೆ ನನ್ನ ಕಡೆ ತಿರುಗಿ, ಯಾವುದೋ ತಮಾಷೆ ಕೇಳಿದವರ ಹಾಗೆ ನಗತೊಡಗಿದರು.

"ಬೆಚ್ಚಗೇ ಇಲ್ವಲ್ಲೇ ಇದು!"

ಅಧ್ಯಕ್ಷರು ಅಲ್ಲೇ ಎಲ್ಲರ ಎದುರು ಮಾತು ಉಳಿಸಿಕೊಂಡರು. ಶೀಟು ಪಕ್ಕಕ್ಕೆ ಎಂದರು. ಜನ ಡಾಕ್ಟರಮ್ಮನ ಕಾಲು ಮುಟ್ಟಲು ಬಂದಾಗ ಅವರು ಹಿಂದೆ ಹಿಂದೆ ಸರಿಯುತ್ತ ಕಾರು ಹತ್ತಿದರು. ಮಳವಳ್ಳಿಯವರೆಗೆ ಅವರ ಬಾಯಿ ನಿಲ್ಲಲಿಲ್ಲ. ಹುಟ್ಟುವ ಸೂರ್ಯನ ಬೆಳಕಿನಲ್ಲಿ ಚರ್ಮಕ್ಕೆ ಬೇಕಾದ ಕಿರಣಗಳು ಇಲ್ಲವೆನ್ನುವಷ್ಟು ಕಡಿಮೆ. ಲಿಂಗಕ್ಕೆ ಬಿದ್ದ ಬೆಳಕಿನಿಂದ ಯಾರ ತೊನ್ನೂ ವಾಸಿಯಾಗುವುದಿಲ್ಲ. ಇದು ಅವರಿಗೆ ಮೊದಲೇ ಗೊತ್ತಿತ್ತು, ಆಸೆ ಅದನ್ನು ಮುಚ್ಚಿಟ್ಟಿತ್ತು ಅಷ್ಟೆ.

"ಅರ್ಧ ಗೆದ್ದೆ, ಅರ್ಧ ಸೋತೆ ಕಣೇ ಕೋನಮ್ಮ. ಆ ಬೆಳಕು ದೇವರಿಗೆ. ರೋಗೀಗಲ್ಲ. ಹಂಗಾದ್ರೆ ರೋಗಿಗಳು ಕೂತಿದ್ದು ಎಲ್ಲಿ? ಎಷ್ಟು ಹೊತ್ತಿಗೆ? ಅದನ್ನ ಹುಡುಕಬೇಕು ಈಗ!" ಸೋತ ಅರ್ಧವೇ ಅವರಿಗೆ ಹೆಚ್ಚು ಹುರುಪು ಕೊಟ್ಟಂತೆ ಕಾಣುತ್ತಿತ್ತು. ಗುಡಿಯ ಬಗ್ಗೆ ನಾವಿಬ್ಬರೂ ಸೇರಿ ಬರೆಯುತ್ತಿದ್ದ ಲೇಖನದಿಂದ ಔಷಧದ ಭಾಗವನ್ನು ಅವರೇ ತೆಗೆದುಹಾಕಿದರು.

ಆ ಆಷಾಢದಲ್ಲಿ ಡಾಕ್ಟರಮ್ಮ ತೀರಿಕೊಂಡರು. ಹೃದಯಾಘಾತ. ನಾನು ಮೈಸೂರಿನಲ್ಲಿದ್ದೆ, ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಲೇಖನ ಅಚ್ಚಾಗಿ ಬಂದಾಗ ಅದನ್ನು ಕೊಡಲು ಮದ್ದೂರಿನ ಮನೆಯಲ್ಲಿ ಯಾರೂ ಇರಲಿಲ್ಲ...

ಆಮೇಲೆ ನಾನು ಬೆಳಕವಾಡಿಯ ಕಡೆ ಹೋಗಿರಲಿಲ್ಲ. ಅಂಗಡಿಯಲ್ಲಿ ಆ ಬಾವಂಚಿಯ ವಾಸನೆ ಬಡಿದ ಮೇಲೆ, ಈ ಧನುರ್ಮಾಸದಲ್ಲಿ ಹೋದೆ. ಬಾಗಿಲು ತೆರೆದೇ ಇತ್ತು. ಅರ್ಚಕ ಮೇಷ್ಟರು ಈಗ ಮುಂದಿನ ಬಸ್ಸಿಗೆ ಹೋಗುತ್ತಾರೆ. ಬೆಳಕು ಬಂದು ಹೋಯಿತು, ಜನವೂ ಹೋದರು. ನಾನು ಉಳಿದೆ. ಗುಡಿಯ ಎಡಗಡೆಯ ಉದ್ದನೆಯ ಗೋಡೆಗೆ ಒಂದು ಕಲ್ಲಿನ ಕಟ್ಟೆಯಿದೆ. ಅಂದು ನಾವಿಬ್ಬರೂ ಬಾಗಿಲನ್ನೇ ನೋಡುತ್ತ ಅದರ ಪಕ್ಕದಲ್ಲೇ ಎಷ್ಟೋ ಸಲ ಓಡಾಡಿದ್ದೆವು. ಹತ್ತರ ಹೊತ್ತಿಗೆ ಮಂಟಪದ ನೆರಳು ಪೂರ್ತಿ ಸರಿದು, ಕಟ್ಟೆಯುದ್ದಕ್ಕೂ ಬಿಸಿಲು ಹರಡಿತು. ಇದು ನಸುಕಿನ ಬಿಸಿಲಲ್ಲ, ಚುರುಕು ಮುಟ್ಟಿಸುವ ಬಿಸಿಲು. ಬಗ್ಗಿ ನೋಡಿದೆ. ಕಲ್ಲು ಅಲ್ಲಲ್ಲಿ ತಗ್ಗಾಗಿತ್ತು, ನುಣ್ಣಗೆ, ಒಂದು ಆಳು ಕೂರುವಷ್ಟು ಅಂತರಕ್ಕೊಂದು. ಕೂತು ಕೂತು ಸವೆದದ್ದು. ರೋಗಿಗಳು ಕೂರುತ್ತಿದ್ದದ್ದು ಇಲ್ಲೇ ಎನ್ನಲು ಇದು ಪುರಾವೆಯಲ್ಲ, ಇನ್ನೂ ಬಹಳ ಅಳೆಯಬೇಕು. ಆದರೆ ನಾನು ಆಗಲೇ ತಗ್ಗುಗಳನ್ನು ಎಣಿಸತೊಡಗಿದ್ದೆ.

ಕಟ್ಟೆಯ ಕೊನೆಯಲ್ಲಿ ಆ ಪಕ್ಕದ ಮನೆಯ ಅಜ್ಜಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನನ್ನನ್ನು ಗುರುತಿಸಿದರು.

"ಎಲ್ಲವ್ವ ನಿಮ್ ಡಾಕ್ಟ್ರಮ್ಮ? ಬರ್ನಿಲ್ವಾ?"

"ತೀರಿಕೊಂಡರಜ್ಜಿ. ಆ ಬೆಳಕು ಬಂದ ವರ್ಷವೇ."

ಅಜ್ಜಿಯ ಕೈ ನಿಂತಿತು. "ಅಯ್ಯೋ ಸಿವ್ನೇ..." ಎಂದು ಅವರೆಕಾಯಿ ಪಕ್ಕಕ್ಕಿಟ್ಟು, ನನಗೆ ಸಮಾಧಾನ ಹೇಳುವಂತೆ ಅಂದರು: "ಓಗ್ಲಿ ಬುಡು ಮಗ. ಆ ಬೆಳ್ಕ ನೋಡ್ಕಂಡೇ ಓದ್ಲಲ್ಲ."

ಹೌದು, ಅದನ್ನು ನೋಡಿದರು. ನಾನು ಅಜ್ಜಿಯ ಪಕ್ಕದ ತಗ್ಗಿನಲ್ಲಿ ಕೂತೆ. ಬಿಸಿಲು ಮೈಯೊಳಗೆ ಬೆನ್ನಿನವರೆಗೂ ಇಳಿಯುತ್ತಿತ್ತು. ಇದನ್ನು ಅವರು ನೋಡಲಿಲ್ಲ.