ದ್ಯಾವಮ್ಮ ಮಗಳನ್ನು ಮಲಗಿಸಿದ ಬೋಗಿ

ಅರಸೀಕೆರೆ ಜಂಕ್ಷನ್ನಿನಲ್ಲಿ ದ್ಯಾವಮ್ಮನ ಬಾಯಿಗೆ ಹೆದರದವರೇ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಹಗರೆಯಿಂದ ಬಂದು ಪ್ಲಾಟ್‌ಫಾರ್ಮಿನಲ್ಲಿ ಸೌತೆಕಾಯಿ ಮಾರುತ್ತಿದ್ದಳು. ನನ್ನ ಟೀ ಅಂಗಡಿಯ ಪಕ್ಕದಲ್ಲೇ ಅವಳ ಬುಟ್ಟಿ. "ಕಲ್ಲೇಶಣ್ಣ, ಇದು ಟೀನೋ ಕಲಗಚ್ಚೋ?" ಎಂದು ಗಿರಾಕಿಗಳ ಮುಂದೆಯೇ ನನ್ನ ಮಾನ ಕಳೆಯುತ್ತಿದ್ದಳು, ಪುಣ್ಯಾತ್ಗಿತ್ತಿ.

ಆಗ ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬರುತ್ತಿದ್ದ ಕಾಲ. ಬೆಳಗಿನ ರೈಲಿನಿಂದ ಬಿಚ್ಚಿದ ಬೋಗಿಗಳು ಸಂಜೆಯ ರೈಲಿಗೆ ಸೇರುವ ತನಕ ಪಕ್ಕದ ಹಳಿಯಲ್ಲಿ ಖಾಲಿ ನಿಂತಿರುತ್ತಿದ್ದವು. ದ್ಯಾವಮ್ಮ ಮಗಳು ಮೀನಾಕ್ಷಿಗೆ ಊಟ ಮಾಡಿಸಿ, ದಿನಾ ಅಲ್ಲೇ ಸೀಟಿನ ಮೇಲೆ ಮಲಗಿಸಿ ವ್ಯಾಪಾರಕ್ಕೆ ಬರುತ್ತಿದ್ದಳು.

ಒಂದು ಮಧ್ಯಾಹ್ನ ಮೈಸೂರು ರೈಲು ಅಡ್ಡ ನಿಂತಿತ್ತು. ಅದು ಹೊರಟ ಮೇಲೆ ನೋಡಿದರೆ ಆಚೆ ಹಳಿ ಬರಿದು. ಬೋಗಿಗಳೇ ಇಲ್ಲ!

"ಅಣ್ಣಾ, ನನ್ ಕೂಸು!" ಬುಟ್ಟಿ ಅಲ್ಲೇ ಬಿತ್ತು.

ಸ್ಟೇಷನ್ ಮಾಸ್ಟರ್ ಷಡಕ್ಷರಪ್ಪನವರ ಮುಖ ಬಿಳಿಚಿಕೊಂಡಿತು. ಯಾರ್ಡ್ ಅಗೆಯುವುದಿದೆಯೆಂದು ಬೋಗಿಗಳನ್ನು ಬಾಣಾವರಕ್ಕೆ ಕಳಿಸಿದ್ದರಂತೆ. ಫೋನ್ ಮಾಡಿದರು. ಅಲ್ಲಿನವರು ಬೋಗಿ ಹತ್ತಿ, ಹೆಸರು ಹಿಡಿದು ಕೂಗಿ, ಬಂದು ಫೋನಿನಲ್ಲೇ ಹೇಳಿದರು: ಬಾಗಿಲು ತೆರೆದಿದೆ, ಒಳಗೆ ಮಗುವಿಲ್ಲ.

ಬಾಗಿಲು ತೆರೆದಿದೆ ಅಂದದ್ದೇ ತಡ, ಅಂಗಡಿ ಹಾಗೇ ಬಿಟ್ಟು ಆಟೋ ಕೂಗಿದೆ. ಓಡುವ ಬೋಗಿಯಿಂದ ಮಗು ಬಿದ್ದಿದ್ದರೆ?

ಆಟೋ ಹತ್ತಿದೆವು. ದಾರಿಯುದ್ದಕ್ಕೂ ಅವಳು "ಮೀನಾ, ಮೀನಾ" ಎಂದು ಹೊರಗೆ ಅರಚುತ್ತಲೇ ಇದ್ದಳು, ಗಂಟಲು ಒಡೆದು ದನಿ ಗೊಗ್ಗರಾಯಿತು. ಹಳಿ ಕಂಡಾಗಲೆಲ್ಲ "ಆ ಕಡೆ ನೋಡಬ್ಯಾಡ, ಸುಮ್ಕಿರವ್ವ" ಎಂದು ಗದರಿದೆ. ನೋಡುತ್ತಿದ್ದವನು ನಾನೇ. ಬೇಲಿಗೆ ಸಿಕ್ಕಿದ ಕೆಂಪು ಬಟ್ಟೆ ಕಂಡು ಆಟೋದಿಂದ ಅರ್ಧ ಹೊರಗೆ ಬಾಗಿದೆ. ಯಾರದೋ ಹಳೇ ಟವೆಲ್ಲು.

ಬಾಣಾವರದಲ್ಲಿ ದ್ಯಾವಮ್ಮ ಬೋಗಿ ಹತ್ತಿ ಕೂಗಿದಳು. ಉತ್ತರವಿಲ್ಲ. ಮತ್ತೆ ಕೂಗಿದಳು. ಇಲ್ಲ. ನೆಲಕ್ಕೆ ಕುಸಿದಳು. ಕುಸಿದವಳ ಕಣ್ಣಿಗೆ ಸೀಟಿನಡಿ, ಮೂಲೆಯಲ್ಲಿ, ಎರಡು ಪುಟ್ಟ ಪಾದ ಕಂಡವು. ಎಳೆದು ಎದೆಗವುಚಿಕೊಂಡಳು. ಮಗು ಗಡಗಡ ನಡುಗುತ್ತಿತ್ತು.

"ಕೂಗಿದ್ರೆ ಓ ಅನ್ನಕ್ಕೆ ಏನೇ ಧಾಡಿ ನಿಂಗೆ?" ನಾನು ರೇಗಿದೆ.

"ಯಾರ್ ಕೂಗಿದ್ರೂ ಮಾತಾಡ್ಬ್ಯಾಡ, ಸೀಟಿನ್ ಕೆಳಕ್ಕೆ ಸೇರ್ಕೊ ಅಂತ ಅವ್ವನೇ ಯೋಳಿತ್ತು."

"ನಾನೇ ಕೂಗ್ದೆನಲ್ಲೇ ಮಗಾ!"

ಮೀನಾಕ್ಷಿ ಅವ್ವನ ಮುಖವನ್ನೇ ನೋಡಿದಳು. "ಅದು ನಿನ್ ದನಿ ಅಲ್ಲ ಕಣವ್ವ. ಯಾರೋ ಹಿಡ್ಕೊಂಡೋಗಕ್ಕೆ ಬಂದವ್ರೆ ಅಂತ ಬಾಯಿ ಮುಚ್ಕೊಂಡಿದ್ದೆ."