ಪುಟದಲ್ಲಿ ಕಾಣದ ಹಿಮ್ಮೇಳ

ಬಳ್ಳಾರಿಯ ಗಾಂಧಿನಗರದಲ್ಲಿ ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಕೊಟ್ರಬಸಮ್ಮ ಇರುತ್ತಾಳೆ. ತಾಯಿ ತೀರಿಕೊಂಡ ಮೇಲೆ ಒಬ್ಬಳೇ. ಬೆಳಿಗ್ಗೆ ಪೂಜೆ ಮುಗಿಸಿ ಕಂಪ್ಯೂಟರಿನ ಮುಂದೆ ಕುಳಿತಳೆಂದರೆ, ಸಂಜೆ ಹಾಲು ತರಲು ಮೆಟ್ಟಿಲಿಳಿಯುವವರೆಗೆ ಬಾಯಿ ತೆರೆಯುವ ಪ್ರಸಂಗವೇ ಬರುವುದಿಲ್ಲ. ಸಿರುಗುಪ್ಪದ ಅಕ್ಕಿ ಗಿರಣಿಗಳಿಗೆ, ಊರಿನ ಜೀನ್ಸ್ ಹೊಲಿಯುವವರಿಗೆ ವೆಬ್ ಪುಟ ಮಾಡಿಕೊಡುವುದು ಅವಳ ಕೆಲಸ. ಯೂಟ್ಯೂಬ್ ನೋಡಿ ಕಲಿತದ್ದು. ಕೆಲಸ ಹೇಳುವವರು ಮೆಸೇಜಿನಲ್ಲೇ ಹೇಳುತ್ತಾರೆ, ಚೆನ್ನಾಗಿದೆ ಎನ್ನುವವರು ಒಂದು ಹೆಬ್ಬೆರಳಿನ ಚಿತ್ರ ಕಳಿಸುತ್ತಾರೆ.

ಹೋದ ಶ್ರಾವಣಕ್ಕೆ ಮುಂಚೆ ದೇಶನೂರಿನ ಹಾಲಸಿದ್ದಪ್ಪ ತಾತ ಅವಳಿಗೆ ಫೋನ್ ಮಾಡಿದರು. ಪ್ರತಿ ಸೋಮವಾರ ಬಸ್ಸಿನಲ್ಲಿ ಕುರುಗೋಡಿಗೆ ಹೋಗಿ, ಅಲ್ಲಿಯ ಸಣ್ಣ ಬಸವಣ್ಣನ ಗುಡಿಯಲ್ಲಿ ಭಜನೆ ಹಾಡುವವರು ಅವರು. ಅವರು ಒಂದು ಸಾಲು ಹಾಡಿ ತಾಳ ಹಾಕಿದರೆ, ಅದಕ್ಕೆ ಉತ್ತರವಾದ ಹಿಮ್ಮೇಳದ ಸಾಲನ್ನು ಗೆಳೆಯ ಕರಿಬಸವ ಎತ್ತಿಕೊಳ್ಳುತ್ತಿದ್ದ. ಕರಿಬಸವ ತೀರಿಕೊಂಡ. ಹಿಮ್ಮೇಳವಿಲ್ಲದ ಭಜನೆಗಿಂತ ಸ್ಪೀಕರಿನಲ್ಲಿ ಹಾಡು ಹಾಕಿಬಿಡುವುದೇ ಮೇಲು ಎಂದು ಗುಡಿಯವರು ಮಾತಾಡಿಕೊಳ್ಳುತ್ತಿದ್ದರು. ಭಜನೆಯ ಪದಗಳು ವೆಬ್ ಪುಟವಾಗಿ ಫೋನಿನಲ್ಲಿ ಸಿಕ್ಕರೆ ಬಂದು ಕೂತವರು ನೋಡಿಕೊಂಡು ದನಿಗೂಡಿಸಿಯಾರು ಎಂಬುದು ತಾತನ ಆಸೆ.

ತಾತ ಒಂದೇ ಬೆರಳಿನಲ್ಲಿ ಟೈಪು ಮಾಡಿ ಪದಗಳನ್ನು ಕಳಿಸಿದರು. ಹಿಮ್ಮೇಳದವರ ಸಾಲು ಯಾವುದೆಂದು ತಿಳಿಯಲಿ ಎಂದು ಅದನ್ನು ಮೂಲೆಯಾಕಾರದ ಕಂಸದೊಳಗೆ ಇಟ್ಟಿದ್ದರು. ತಾಳ ಬಿದ್ದ ಮೇಲೆಯೇ ಅವರು ಎತ್ತಿಕೊಳ್ಳಬೇಕಲ್ಲ, ಅದಕ್ಕೆ ಮೊದಲಿಗೆ ಒಂದು ಓರೆಗೆರೆ.

ಗದ್ದಿ ನೀರಾಗ ನಿಂತ್ಯೇನೊ ಶಿವನೆ
</ನಿಂತೀನಿ ಮಗನೆ ನಿನ್ನ ಬೆನ್ನ ಹಿಂದ>

ಕೊಟ್ರಬಸಮ್ಮ ಎಲ್ಲವನ್ನೂ ಒಟ್ಟಿಗೆ ಕೋಡಿನೊಳಗೆ ತಂದು ಹಾಕಿದಳು. ಪುಟ ತೆರೆದು ಮೇಲಿಂದ ಕೆಳಗೆ ಓದಿ ನೋಡಿದಳು. ಚೆನ್ನಾಗಿಯೇ ಇತ್ತು. ಕಳಿಸಿದಳು.

ಆ ಸೋಮವಾರ ಗುಡಿಯಲ್ಲಿ ಜನ ಫೋನ್ ಹಿಡಿದು ಕುಳಿತರು. ತಾತ ಹಾಡಿ, ತಾಳ ಹಾಕಿ, ನಿಂತರು. ಯಾರೂ ದನಿಯೆತ್ತಲಿಲ್ಲ. ಫೋನಿನಲ್ಲಿದ್ದದ್ದು ತಾತನ ಸಾಲುಗಳು ಮಾತ್ರ. ಅವರ ಸಾಲು ಅವರೇ ಹಾಡಲಿ ಎಂದು ಎಲ್ಲರೂ ಕಾದರು. ತಾತ ಎರಡೂ ಸಾಲುಗಳನ್ನು ತಾವೇ ಹಾಡಿ ಮುಗಿಸಿದರು. ಹೂ ಮಾರುವ ಸುಂಕಮ್ಮ ಏಳುತ್ತಾ ಅಂದಳಂತೆ, "ಎಲ್ಲಾ ನೀನ ಹಾಡಾದಿದ್ರ ನಮ್ಮನ್ಯಾಕ ಕೂಡಿಸಿದಿ ತಾತ?" ಮುಂದಿನ ವಾರವೂ ಹೀಗೇ ಆದರೆ ಸ್ಪೀಕರ್ ಹಾಕುವುದೆಂದು ತೀರ್ಮಾನವಾಯಿತು.

ಮರುದಿನ ತಾತ ಫೋನ್ ಮಾಡಿದಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಬಸಮ್ಮ, ನಾ ಕೇಳಿದ್ದಷ್ಟ ಐತಿ. ಶಿವ ಅಂದಿದ್ದು ಎಲ್ಲಿ ಹೋತವ್ವ?"

ಅವಳು ಕೋಡ್ ತೆರೆದಳು. ಹಿಮ್ಮೇಳದ ಸಾಲುಗಳೆಲ್ಲ ಅಲ್ಲೇ ಇದ್ದವು. ಮೂಲೆ ಕಂಸ, ಓರೆಗೆರೆ ಜೊತೆಯಾಗಿ ಬಂದರೆ ಬ್ರೌಸರ್ ಅದನ್ನು ತನಗಿತ್ತ ಆಜ್ಞೆ ಎಂದು ಭಾವಿಸಿ, ಕಂಸ ಮುಚ್ಚುವವರೆಗಿನ ಮಾತನ್ನು ಯಾರಿಗೂ ತೋರಿಸುವುದಿಲ್ಲ. ಕಂಸ ಕಂಸವಾಗಿಯೇ ಕಾಣಬೇಕಾದರೆ ಕೋಡಿನಲ್ಲಿ ಅದರ ಬದಲು &lt; ಎಂದು ಬರೆಯಬೇಕು. ಇದು ಅವಳಿಗೆ ಗೊತ್ತಿದ್ದದ್ದೇ. ಗೊತ್ತಾಗದೆ ಹೋದದ್ದು ಬೇರೆ. ಒಂದರ ಹಿಂದೆ ಒಂದು ಪ್ರಶ್ನೆ, ಯಾವುದಕ್ಕೂ ಉತ್ತರವಿಲ್ಲ, ಹಾಗೆಯೇ ಪುಟವನ್ನೆಲ್ಲ ಓದಿದ್ದಳು. ಏನೋ ಕಡಿಮೆಯಾಗಿದೆ ಎಂದು ಅವಳಿಗೆ ಅನ್ನಿಸಿರಲಿಲ್ಲ.

ಎಲ್ಲವನ್ನೂ ಒಂದೇ ಸಲಕ್ಕೆ ಬದಲಿಸಬಹುದಿತ್ತು. ಅವಳು ಒಂದೊಂದೇ ಸಾಲನ್ನು ಓದಿ, ಒಂದೊಂದೇ ಕಂಸವನ್ನು ತಿದ್ದಿದಳು. ಮುಗಿಸಿ ತಾತನಿಗೆ ಫೋನ್ ಮಾಡಿ ತಿಳಿಸಿದಾಗ, ನಾನು ಹೇಳುತ್ತೇನೆ, ನೀನು ನೋಡಿಕೊಂಡು ಎತ್ತಿಕೋ ಎಂದರು.

"ನನಗ ಹಾಡಾಕ ಬರಂಗಿಲ್ಲ ತಾತ."

"ಕರಿಬಸವಗೂ ಬರ್ತಿದ್ದಿಲ್ಲ. ಬಿಡದಂಗ ಎತ್ತಿಕೊಳ್ತಿದ್ದ, ಅಷ್ಟ."

ಫೋನಿನಲ್ಲಿ ತಾಳ ಕೇಳಿಸಿತು. ದನಿಯೆತ್ತಿ ಅಭ್ಯಾಸವಿಲ್ಲದ ಗಂಟಲು. ಮೊದಲ ಮಾತು ಉಸಿರಾಗಿಯೇ ಹೋಯಿತು. ತಾತ ಮತ್ತೆ ತಾಳ ಹಾಕಿದರು. ನಿಂತೀನಿ ಮಗನೆ ನಿನ್ನ ಬೆನ್ನ ಹಿಂದ, ಎಂದಳು. ಹಾಡಲಿಲ್ಲ, ಓದಿದಳು. ತಾತ ಚೆನ್ನಾಗಿತ್ತು ಎನ್ನಲಿಲ್ಲ, ಮುಂದಿನ ಸಾಲಿಗೆ ಹೋದರು. ಪದ ಮುಗಿಯುವವರೆಗೆ ಇಬ್ಬರೂ ಬಿಡಲಿಲ್ಲ.

ಮುಂದಿನ ಸೋಮವಾರ ಅವಳು ಕುರುಗೋಡಿಗೆ ಹೋಗಲಿಲ್ಲ. ಗಿರಣಿಯೊಂದರ ಪುಟ ಮುಗಿಸುವುದಿತ್ತು. ಫೋನನ್ನು ಮಾತ್ರ ಕೈಗೆಟುಕುವಲ್ಲೇ ಇಟ್ಟುಕೊಂಡಿದ್ದಳು. ಸಂಜೆ ತಾತನ ಮೆಸೇಜು ಬಂತು. ಅದೇ ಕಂಸ, ಅದೇ ಓರೆಗೆರೆ:

</ಸುಂಕಮ್ಮ ಎತ್ತಿಕೊಂಡ್ಳು. ಇನ್ನಿಬ್ಬರು ಆಕಿ ಹಿಂದ>

ಕೊಟ್ರಬಸಮ್ಮ ಅದನ್ನು ದನಿ ತೆಗೆದು ಓದಿದಳು. ಕೋಣೆಯಲ್ಲಿ ಕೇಳುವವರು ಯಾರೂ ಇರಲಿಲ್ಲ. ಆಮೇಲೆ ಬಾಗಿಲು ಎಳೆದುಕೊಂಡು ಹಾಲು ತರಲು ಕೆಳಗಿಳಿದಳು.