ದ್ರಾಕ್ಷಿ ಸೀಮೆಗೆ ಹೊರಟು ಶಿಗ್ಗಾಂವಿಯಿಂದ ಮರಳಿದ್ದು

ಫೆಬ್ರವರಿಯ ಒಂದು ಶುಕ್ರವಾರ ಬೆಳಗ್ಗೆ ಹಾನಗಲ್ಲಿನಿಂದ ಕಾರು ತೆಗೆದೆ. ಹೋಗಬೇಕಾದದ್ದು ಉತ್ತರಕ್ಕೆ, ನಾಸಿಕದ ದ್ರಾಕ್ಷಿ ತೋಟಗಳಿಗೆ. ಮೊದಲು ಹೊರಟದ್ದು ಮಾತ್ರ ದಕ್ಷಿಣಕ್ಕೆ, ಹಿರೇಕೆರೂರಿಗೆ. ಅಲ್ಲಿ ನನ್ನ ಅಕ್ಕ ಶಾಂತಾ ಇದ್ದಾಳೆ. ಅವಳನ್ನು ಕರೆತಂದು ಆ ರಾತ್ರಿ ನನ್ನ ಮನೆಯಲ್ಲಿ ಉಳಿಸಿಕೊಂಡು, ಮರುದಿನ ಸವಣೂರಿನಲ್ಲಿ ತಂಗಿ ಸುಮಾಳನ್ನು ಕೂಡಿಸಿಕೊಂಡು, ಶಿಗ್ಗಾಂವಿಯ ಹತ್ತಿರ ಹೆದ್ದಾರಿ ಹಿಡಿಯುವುದೆಂದು ಗೊತ್ತಾಗಿತ್ತು.

ಯೋಜನೆ ಹಾಕಿದವಳು ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ದ್ರಾಕ್ಷಿಯ ಸಕ್ಕರೆ ಹುದುಗಿ ವೈನ್ ಆಗುವುದನ್ನು ವರ್ಷವರ್ಷವೂ ಹಲಗೆಯ ಮೇಲೆ ಬರೆದಿದ್ದೇನೆ, ಒಮ್ಮೆಯೂ ಕಣ್ಣಾರೆ ಕಂಡಿಲ್ಲ. ರುಚಿ ನೋಡುವುದಂತೂ ದೂರದ ಮಾತು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಮ್ಮ ಮನೆಯಲ್ಲಿ ಅದರ ಹೆಸರೆತ್ತುವಂತಿರಲಿಲ್ಲ.

ಅವ್ವ ಹಾಸಿಗೆ ಹಿಡಿದಾಗ, ಮದುವೆಯಾಗದೆ ಉಳಿದವಳೆಂದು ನಾನೇ ಅವಳನ್ನು ನೋಡಿಕೊಂಡೆ. ಅದು ಒಂದೆರಡು ತಿಂಗಳ ಮಾತಾಗಿರಲಿಲ್ಲ. ಅಕ್ಕ ತಂಗಿ ಹಬ್ಬಕ್ಕೆ ಬಂದು, ಅವ್ವನ ಕಾಲ ಬಳಿ ಕುಳಿತು ಅತ್ತು, ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಕಳೆದ ವರ್ಷ ಅವ್ವನನ್ನು ಮಣ್ಣು ಮಾಡಿ ಬಂದ ಸಂಜೆ ಅಕ್ಕ ನನ್ನ ಕೈ ಹಿಡಿದು, “ಇನ್ನ ನೀ ಎಲ್ಲಿ ಅಂತಿ ಅಲ್ಲಿ ಹೋಗೂಣು ಗಿರಿಜಾ. ನಾವ್ ಮೂರೂ ಮಂದಿ ಅಷ್ಟ” ಅಂದಳು. ನಾನು ನಾಸಿಕ ಅಂದೆ.

ಬೇಸಿಗೆ ರಜೆಯಲ್ಲಿ ಡ್ರೈವಿಂಗ್ ಕಲಿತೆ. ಹಳೆಯದೊಂದು ಬಿಳಿ ಕಾರು ಕೊಂಡೆ. ಸಂಜೆ ಹೊತ್ತು ಮೂವರೂ ಫೋನಿನಲ್ಲಿ ಕೂಡುತ್ತಿದ್ದೆವು. ಅವಸರ ಮಾಡಬಾರದು, ಕತ್ತಲಾದ ಮೇಲೆ ಗಾಡಿ ಓಡಿಸಬಾರದು, ಮೊದಲ ರಾತ್ರಿ ಕೊಲ್ಹಾಪುರ, ಚಂದ ಕಂಡಲ್ಲಿ ಇಳಿದು ಚಹಾ. ತೋಟದೊಳಗೇ ಇರುವ ಒಂದು ಅತಿಥಿಗೃಹದಲ್ಲಿ ಎರಡು ಕೋಣೆ ಹಿಡಿದೆ. ಅದು ದ್ರಾಕ್ಷಿ ಕೊಯ್ದು ಹಿಂಡುವ ಕಾಲ. ಗಂಡನ ಮುಂದೆ ಹೇಳಲೆಂದು ಅಕ್ಕ ತ್ರ್ಯಂಬಕೇಶ್ವರವನ್ನು ಸೇರಿಸಿದಳು. “ಒಂದ ಗುಟುಕು ಕುಡದ ಬಿಡೂಣು, ಆಮ್ಯಾಲ ಶಿವಗ ತಪ್ಪಗಾಣಿಕಿ ಹಾಕೂಣು” ಎಂದು ಸುಮಾ ನಗುತ್ತಿದ್ದಳು. ಅಷ್ಟು ನಕ್ಕದ್ದು ನಾವು ಲಂಗ ತೊಡುತ್ತಿದ್ದ ಕಾಲದಲ್ಲೇ ಇರಬೇಕು.

ಅಕ್ಕಿಆಲೂರು, ಹಂಸಭಾವಿ ದಾಟಿ ಹಿರೇಕೆರೂರು ಸೇರುವಾಗ ಬಿಸಿಲು ಏರಿತ್ತು. ಐವತ್ತು ಕಿಲೋಮೀಟರಿಗೆ ತುಸು ಕಡಿಮೆ ದಾರಿ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿ ನಿಧಾನವಾಯಿತು. ಅಕ್ಕ ಹೊಸ ಬ್ಯಾಗು, ಕಟಕ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಹಿಡಿದು ಕಟ್ಟೆಯ ಮೇಲೆಯೇ ಕುಳಿತಿದ್ದಳು. ಮರಳುವಾಗ ಅವಳು ಹೆಚ್ಚು ಮಾತಾಡಲಿಲ್ಲ. ಹಂಸಭಾವಿ ಬಿಟ್ಟ ಮೇಲೆ ಒಮ್ಮೆ ಕೇಳಿದಳು: “ಅವ್ವನ್ನ ಹೊಳ್ಳಿಸಿ ಮಲಗಸ್ತಿದ್ದೆಲ್ಲ, ಅದು ಒಬ್ಬಾಕಿಗೆ ಆಗ್ತಿತ್ತೇನ?”

“ರೂಢಿ ಆದ್ರ ಆಕ್ಕೈತಿ” ಅಂದೆ. ಅಕ್ಕನಿಗೆ ಅವ್ವ ನೆನಪಾದಳೆಂದು ನನಗೆ ಹಿತವಾಯಿತು. ಹೇಗೆ ಹೊರಳಿಸಬೇಕು, ಬೆನ್ನು ಹುಣ್ಣಾಗದಂತೆ ಏನು ಮಾಡಬೇಕು ಎಂದು ಅಕ್ಕಿಆಲೂರಿನವರೆಗೂ ಹೇಳಿದೆ.

ಶನಿವಾರ ಬಂಕಾಪುರದ ಮೇಲೆ ಹಾಯ್ದು ಸವಣೂರಿಗೆ ಹೋದೆವು. ಚಳಿ ಇನ್ನೂ ಸ್ವಲ್ಪ ಉಳಿದಿತ್ತು. ಮಾವಿನ ಮರಗಳು ಹೂ ಹೊತ್ತು ನಿಂತಿದ್ದವು. ದಾರಿಯಲ್ಲಿ ಮೆಲ್ಲಲೆಂದು ಪೇಟೆಯಲ್ಲಿ ಸವಣೂರು ಖಾರ ಕಟ್ಟಿಸಿದೆ. ಸುಮಾಳ ಮನೆಯ ಬಾಗಿಲಲ್ಲಿ ಅವಳ ಗಂಡ ಮಲ್ಲಿಕಾರ್ಜುನ, “ಬರ್ರಿ ಗಿರಿಜಕ್ಕಾ, ಗಾಡಿ ಭಾಳ ಛಲೋ ಹೊಡೀತೀರಂತ” ಎಂದು ಸ್ವಾಗತಿಸಿದರು. ಎಣಗಾಯಿ, ರೊಟ್ಟಿ, ಮೊಸರು, ಮೇಲೆ ಶಾವಿಗೆ ಪಾಯಸ. ಹನ್ನೊಂದಕ್ಕೆಲ್ಲ ಊಟಕ್ಕೆ ಕೂಡಿಸಿದರು. ಸುಮಾ ಬ್ಯಾಗು ಕಟ್ಟಿ ಪಡಸಾಲೆಯಲ್ಲಿಟ್ಟಿದ್ದಳು.

ಊಟದ ನಡುವೆ ಒಳಕೋಣೆಯಿಂದ ಯಾರೋ ನರಳಿದರು. ಸುಮಾಳ ಅತ್ತೆ ನೀಲಮ್ಮ. ಜಾರಿ ಬಿದ್ದು ತೊಡೆಯ ಎಲುಬು ಮುರಿದಿದೆ, ಆಪರೇಶನ್ ಆಗಿದೆ ಎಂದು ಸುಮಾ ಆಗ ಹೇಳಿದಳು. ಅಷ್ಟು ಸಂಜೆಗಳ ಫೋನಿನಲ್ಲಿ ಅದರ ಸುದ್ದಿ ಬಂದಿರಲಿಲ್ಲ. ನೀಲಮ್ಮ ಮತ್ತೆ ಕೂಗಿದರು. ಯಾರೂ ಏಳಲಿಲ್ಲ. ನಾನು ಕೈ ತೊಳೆದು ಒಳಗೆ ಹೋದೆ.

ಹಾಸಿಗೆ ಒದ್ದೆಯಾಗಿತ್ತು. ಎಷ್ಟು ಹೊತ್ತಿನಿಂದಲೋ ಏನೋ, ಮುದುಕಿಯ ಬೆನ್ನು ತಣ್ಣಗಾಗಿತ್ತು. ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ, ಒರೆಸಿ, ಅಲ್ಲೇ ಇದ್ದ ಚಾದರ ಹಾಸಿದೆ. ನೀಲಮ್ಮ ನನ್ನ ಮುಂಗೈ ಹಿಡಿದುಕೊಂಡರು.

“ನೀ ಊಟಕ್ಕ ಬಂದಾಕಿ ಯವ್ವಾ. ಇವರು ನಿನ್ನ ಇಲ್ಲೇ ಬಿಟ್ಟ ಹೋಗೂ ಮಾತ ಆಡಾಕತ್ತಾರ, ನಂಗ ಎಲ್ಲಾ ಕೇಳಸ್ತೈತಿ. ಇರಬ್ಯಾಡ ಹೋಗು. ಒಮ್ಮೆ ಇದ್ದಿ ಅಂದ್ರ ನಾ ಸಾಯೂತನಾ ನಿನ್ನ ಬಿಡಾಂಗಿಲ್ಲ ಇವರು.”

ಹೊರಗೆ ಬಂದಾಗ ಬಾಗಿಲಲ್ಲಿ ಸುಮಾ ನಿಂತಿದ್ದಳು. “ನೋಡ್ದ್ಯಾ ಶಾಂತಕ್ಕಾ,” ಎಂದು ಗಂಡನತ್ತ ತಿರುಗಿ, “ನಿಮಗ ಹೇಳಿದ್ದೆನಲ್ಲ, ಆಕಿ ಕೈಯಾಗ ಹೆಂಗ ಸುಮ್ಮನಾದ್ರು” ಅಂದಳು. ಆಮೇಲೆ ಮಾತು ಬಿಚ್ಚಿಕೊಂಡಿತು. ನಾನು ನೀಲಮ್ಮನ ಹತ್ತಿರ ಇರುವುದು. ನನ್ನ ಕಾರಿನಲ್ಲಿ ಮಲ್ಲಿಕಾರ್ಜುನ, ಸುಮಾ, ಅಕ್ಕ ಹೋಗಿಬರುವುದು. ಸುಮಾ ಬಹಳ ದಣಿದಿದ್ದಾಳಂತೆ. ಹೊರಗಿನವರನ್ನು ಇಟ್ಟರೆ ನಂಬಿಕೆ ಇಲ್ಲವಂತೆ. ಮುಂದಿನ ವರ್ಷ ನನ್ನನ್ನು ಕರೆದುಕೊಂಡು ಹೋಗುತ್ತಾರಂತೆ.

ನಾನು ಅಕ್ಕನ ಮುಖ ನೋಡಿದೆ. ಅವಳು ಪಾಯಸದ ಬಟ್ಟಲು ನೋಡುತ್ತಿದ್ದಳು.

“ನಿಂಗ ಗೊತ್ತಿತ್ತೇನ?”

“ಅಕ್ಕಾನ ಹೇಳಿದ್ಲು” ಎಂದಳು ಸುಮಾ. “ಗಿರಿಜಾ ಒಲ್ಲೆ ಅನ್ನಾಂಗಿಲ್ಲ, ಆಕಿಗೆ ಇದೆಲ್ಲಾ ರೂಢಿ ಐತಿ ಅಂತ.”

“ಒಲ್ಲೆ” ಅಂದೆ. “ಈ ಪ್ರವಾಸ ನಾ ನಿಮ್ಮ ಜೋಡಿ ಹೋಗಾಕ ಹಾಕಿದ್ದು. ಅತ್ತಿ ನಿನ್ನಾಕಿ ಸುಮಾ. ಹೋಗೂದಾದ್ರ ಮೂರೂ ಮಂದಿ ಹೋಗೂಣು, ಇಲ್ಲಂದ್ರ ಇರೂಣು.”

ಆಗ ಅಕ್ಕ ತಲೆ ಎತ್ತಿದಳು. “ಹಿಂಗ್ಯಾಕ ಮಾಡ್ತಿ ಗಿರಿಜಾ? ನಿಂಗೇನ ಗಂಡ ಅದಾನೋ, ಮಕ್ಕಳದಾರೋ? ಎಲ್ಲಿದ್ರೂ ಒಂದ. ಮನಿ ಅಂದ್ರ ಏನಂತ ನಿಂಗ ಹೆಂಗ ಗೊತ್ತಾಗಬೇಕು?”

ಒಬ್ಬಳೇ ಕಾರು ತೆಗೆದು ಸವಣೂರಿನಿಂದ ಹೊರಬಿದ್ದದ್ದು ಯಾವ ಓಣಿಯಿಂದ ಎಂಬುದು ನೆನಪಿಲ್ಲ. ಆ ಊರಿನವರು ದೊಡ್ಡ ಹುಣಸೆ ಎನ್ನುವ, ಆನೆಯಂಥ ಬಾವೋಬಾಬ್ ಮರಗಳ ಹತ್ತಿರ ಮೂವರೂ ನಿಂತು ಫೋಟೋ ತೆಗೆಸಿಕೊಳ್ಳಬೇಕೆಂದಿದ್ದೆ. ಅತ್ತ ಹೋಗಲೇ ಇಲ್ಲ. ಶಿಗ್ಗಾಂವಿ ಬರುವಷ್ಟರಲ್ಲಿ ಫೋನು ಬಂತು. ಅಕ್ಕ. ಕ್ಷಮೆ ಕೇಳುತ್ತಾಳೆಂದು ಗಾಡಿ ಬದಿಗೆ ಹಾಕಿದೆ.

“ನನ್ನ ಬ್ಯಾಗ್ ನಿನ್ನ ಗಾಡ್ಯಾಗ ಉಳದೈತಿ” ಅಂದಳು.

ಬಸ್ ಸ್ಟ್ಯಾಂಡಿನಲ್ಲಿ ಸವಣೂರಿನ ಬಸ್ಸು ಹೊರಡಲು ನಿಂತಿತ್ತು. ಕಂಡಕ್ಟರನ ಕೈಗೆ ಬ್ಯಾಗು ಕೊಟ್ಟೆ. “ಇಳಿಸಿಕೊಳ್ಳಾಕ ಯಾರ್ ಬರ್ತಾರ್ರಿ?” ಎಂದು ಕೇಳಿದ. “ನಮ್ಮಕ್ಕ” ಎಂದೆ.

ಮನೆಗೆ ತಿರುಗಲು ಮನಸ್ಸಾಗಲಿಲ್ಲ. ಹೆದ್ದಾರಿ ಬದಿಯ ಗೊಟಗೋಡಿಯ ಶಿಲ್ಪಗಳ ತೋಟಕ್ಕೆ ಹೋಗಿ ಟಿಕೆಟ್ ತೆಗೆಸಿದೆ. ಹಳ್ಳಿಯ ಬದುಕನ್ನು ಸಿಮೆಂಟಿನಲ್ಲಿ ಆಳೆತ್ತರ ಮಾಡಿ ನಿಲ್ಲಿಸಿದ್ದಾರೆ. ಬಣ್ಣ ಹಚ್ಚಿದ ಮುಖಗಳು ಥೇಟು ಜೀವಂತ. ಶಾಲೆಯ ಮಕ್ಕಳು ಗದ್ದಲ ಮಾಡುತ್ತಿದ್ದರು. ಕುಳಿತು ಹರಟೆ ಹೊಡೆಯುವ ಹೆಂಗಸರ ಗುಂಪೊಂದರ ಎದುರು ನೆರಳಿತ್ತು, ಅಲ್ಲಿ ಕುಳಿತೆ. ಆ ಗುಂಪಿನಲ್ಲಿ ಯಾರನ್ನೂ ಯಾರೂ ಎಬ್ಬಿಸಿ ಕೆಲಸಕ್ಕೆ ಕಳಿಸುವಂತಿರಲಿಲ್ಲ.

ಒಬ್ಬಳೇ ಮುಂದೆ ಹೋಗಬಹುದಿತ್ತು. ಟ್ಯಾಂಕು ತುಂಬಿತ್ತು, ದಾರಿ ಬಾಯಿಪಾಠವಾಗಿತ್ತು, ಹೆದ್ದಾರಿ ಅಲ್ಲೇ ಕಾಣುತ್ತಿತ್ತು. ಆದರೆ ಆ ದಾರಿಯ ಒಂದೊಂದು ಊರನ್ನೂ ನಾನು ಮೂವರಿಗಾಗಿ ಗೊತ್ತು ಮಾಡಿದ್ದೆ. ಪ್ರತಿ ಚಹಾ ಅಂಗಡಿಯಲ್ಲಿಯೂ ಅಕ್ಕನ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತದೆ ಎನಿಸಿತು. ಕೋಣೆ ಬೇಡವೆಂದು ಹೇಳಲು ಅತಿಥಿಗೃಹಕ್ಕೆ ಫೋನು ಮಾಡಿದೆ.

ಫೋನೆತ್ತಿದ ಹೆಣ್ಣುಮಗಳು ಮರಾಠಿ ಬೆರೆತ ಹಿಂದಿಯಲ್ಲಿ ಸಮಾಧಾನ ಹೇಳಿದಳು: “ಚಿಂತೆ ಮಾಡಬೇಡಿ ಮೇಡಂ. ನಿಮ್ಮ ತಂಗಿ ಈಗತಾನೇ ಫೋನು ಮಾಡಿದ್ದರು. ನಿಮ್ಮ ಹೆಸರಿನ ಕೋಣೆಗಳಿಗೆ ಮೂವರು ಬರುತ್ತಾರೆ, ಒಂದು ದಿನ ತಡವಾಗುತ್ತದೆ ಅಂದರು.”

ನಾನು ಹೊರಬಿದ್ದ ಮೇಲೆ ಅವರ ಊಟದ ಕೈ ಸಹ ಆರಿರಲಾರದು. ಅಷ್ಟರಲ್ಲಿ ನೀಲಮ್ಮನನ್ನು ನೋಡಿಕೊಳ್ಳಲು ಹತ್ತಿಮತ್ತೂರಿನ ಒಬ್ಬ ಹೆಂಗಸು ಸಿಕ್ಕಿದ್ದಳು. ನಂಬಿಕೆಯೂ ಬಂದಿತ್ತು, ಬಾಡಿಗೆ ಗಾಡಿಯೂ ಗೊತ್ತಾಗಿತ್ತು. ಇದನ್ನು ಆಮೇಲೆ ಮಲ್ಲಿಕಾರ್ಜುನರೇ ಹೇಳಿದರು, ನನ್ನ ಮನಸ್ಸು ಹಗುರಾಗಲಿ ಎಂದು.

ಹೊತ್ತು ಮುಳುಗುವ ಮೊದಲು ಹಾನಗಲ್ಲಿಗೆ ಬಂದೆ. ರಜೆ ಹಾಕಿದ್ದರಿಂದ ಶಾಲೆಗೆ ಹೋಗುವಂತಿರಲಿಲ್ಲ. ಹೋದರೆ ಯಾಕೆ ಬಂದಿರಿ ಎಂಬ ಪ್ರಶ್ನೆ. ರಜೆಯನ್ನೆಲ್ಲ ಮನೆಯೊಳಗೆ ಕಳೆದೆ. ಅಕ್ಕಪಕ್ಕದವರು ನಾನು ನಾಸಿಕದಲ್ಲಿದ್ದೇನೆ ಎಂದುಕೊಂಡಿದ್ದರು. ಕಾರನ್ನು ಹಿತ್ತಲಲ್ಲಿ ನಿಲ್ಲಿಸಿದ್ದೆ.

ಆ ವಾರದಲ್ಲೇ ಒಂದು ಮಧ್ಯಾಹ್ನ ಅಕ್ಕ ಫೋಟೋ ಕಳಿಸಿದಳು. ತೋಟದ ನಡುವೆ ಮೇಜು. ಅಕ್ಕ, ಸುಮಾ, ಮಲ್ಲಿಕಾರ್ಜುನ. ಅಕ್ಕನ ಕೈಯಲ್ಲಿ ಗಾಜಿನ ಲೋಟ, ತಳದಲ್ಲಿ ಕೆಂಪಗೆ ಒಂದಿಷ್ಟು. ಅವರ ಹಿಂದೆ ದೊಡ್ಡ ದೊಡ್ಡ ಉಕ್ಕಿನ ಪೀಪಾಯಿಗಳ ಸಾಲು. ಆ ಪೀಪಾಯಿಗಳಲ್ಲೇ ರಸ ಹುದುಗುವುದು. ಚಿತ್ರವನ್ನು ಹಿಗ್ಗಿಸಿ ಅವನ್ನು ಬಹಳ ಹೊತ್ತು ನೋಡಿದೆ. ಸುಮಾಳ ಭುಜ ಅಡ್ಡ ಬಂದು ಅರ್ಧ ಕಾಣುತ್ತಿರಲಿಲ್ಲ.

ಕೆಳಗೆ ಅಕ್ಕ ಬರೆದಿದ್ದಳು: “ಭಾಳ ಹುಳಿ ಐತವಾ. ನೀ ಬಂದಿದ್ರೂ ಕುಡೀತಿದ್ದಿಲ್ಲ ಬಿಡು.”

ಕುಡಿಯುತ್ತಿದ್ದೆ. ಅಕ್ಕನಿಗೆ ಅದನ್ನು ಬರೆಯಲಿಲ್ಲ. ಇಲ್ಲಿ ಬರೆದಿದ್ದೇನೆ.